ಎರಡು ಪಿಯುಸಿ, ಒಂದು ಕೊಳವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಪ್ಪನ ಮೋಟಾರ್ ಸೈಕಲ್ಲಿನ ಸೈಲೆನ್ಸರಿನೊಳಗಿದ್ದ ಕೊಳವಿಯನ್ನು ಬಿಚ್ಚಿ ತೆಗೆದವನು ನಾನೇ. ಆಗ ಒಪ್ಪಿಕೊಂಡಿರಲಿಲ್ಲ. ಗಾಡಿ ಮಾರಿದವನ ಮೇಲೆ ಹಾಕಿ ನೋಡಿದೆ, ಕಬ್ಬೂರ ರಸ್ತೆಯ ತಗ್ಗುಗಳ ಮೇಲೆ ಹಾಕಿ ನೋಡಿದೆ, ಒಂದು ಸಲವಂತೂ ಇಲಿಗಳ ಮೇಲೂ ಹಾಕಿದೆ. ಕಬ್ಬಿಣ ತಿನ್ನುವ ಇಲಿ ಚಿಕ್ಕೋಡಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲವೆಂದು ಅಪ್ಪ ಕನ್ನಡ ಶಾಲೆಯ ಮಾಸ್ತರರ ಖಚಿತ ದನಿಯಲ್ಲಿ ಹೇಳಿದ ಮೇಲೆ ಆ ದಾರಿಯೂ ಮುಚ್ಚಿತು. ತಪ್ಪು ಮಾಡಲು ನನಗೆ ಹಿಡಿದದ್ದು ಒಂದು ಸ್ಕ್ರೂ ತಿರುಗಿಸುವಷ್ಟು ಹೊತ್ತು. ಅದನ್ನು ಹೊರಿಸಲು ಬೇರೆಯವರ ಬೆನ್ನು ಹುಡುಕುವುದರಲ್ಲಿ ಇಡೀ ಬೇಸಿಗೆ ಕಳೆಯಿತು.

ಬಿಚ್ಚಿದ್ದು ಯಾಕೆ ಎಂದು ಕೇಳುತ್ತೀರಿ. ನನಗೆ ಚಿಕ್ಕಂದಿನಿಂದ ಒಂದು ರೋಗ. ಯಾರ ದನಿ ಕೇಳಿದರೂ ನನ್ನ ಗಂಟಲು ಅದನ್ನು ಕಲಿತುಬಿಡುತ್ತದೆ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಗಿರಾಕಿಯನ್ನು ಬೈಯುವ ಅಂಗಡಿಯವರು, ಮೂಗಿನಲ್ಲಿ 'ಮುಂದ ಸರೀರಿ' ಎನ್ನುವ ಕಂಡಕ್ಟರು, ಸೀನುವ ಮೊದಲು ಒಂದು ನಿಮಿಷ ಪೀಠಿಕೆ ಹಾಕುವ ನಮ್ಮ ಇಂಗ್ಲಿಷ್ ಸರ್, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಬಾಡಿಗೆದಾರರು ಹೆಚ್ಚಾಗಿ ಮನೆ ಮಾಲೀಕನಿಗೇ ಜಾಗವಿಲ್ಲದಂತಾಗಿತ್ತು. ಒಮ್ಮೆ ಬಾಗಿಲ ಹೊರಗಿನಿಂದ ನನ್ನ ಸ್ವಂತ ದನಿಯಲ್ಲಿ 'ಆಯೀ, ಬಾಗಲಾ ತಗಿ' ಎಂದು ಕರೆದೆ. ಒಳಗಿನಿಂದ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುವ ಆ ಮುದುಕಿ, 'ಇದ ಯಾರದೋ ದನಿ? ಇದೊಂದು ಚಲೋ ಇಲ್ಲ ನೋಡು' ಎಂದಳು.

ಮನುಷ್ಯರು ಮುಗಿದ ಮೇಲೆ ನಾನು ಯಂತ್ರಗಳಿಗೆ ಕೈ ಹಾಕಿದೆ. ನನ್ನ ಅತ್ಯುತ್ತಮ ಕೃತಿ ಎಂದರೆ ಪೊಲೀಸ್ ಫೌಜದಾರರ ದೊಡ್ಡ ಬೈಕು. ಹೊಟ್ಟೆಯಿಂದ ದನಿ ಎಬ್ಬಿಸಿ, ಗಲ್ಲ ಉಬ್ಬಿಸಿ, ತುಟಿಯಿಂದ ಬಿಡಬೇಕು. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಒರಗಿ ಅದನ್ನು ಸುಮ್ಮನೆ ಅಭ್ಯಾಸ ಮಾಡಿದೆ. ಗೋಡೆಯ ಆಚೆ ಬೇವಿನ ಮರದ ಕೆಳಗೆ ಇಸ್ಪೀಟು ಆಡುತ್ತಿದ್ದ ಎಂಟು ಮಂದಿ ಚಪ್ಪಲಿ ಬಿಟ್ಟು ಕಬ್ಬಿನೊಳಗೆ ಓಡಿದರು. ಹದಿನಾರು ಚಪ್ಪಲಿ ನನಗೆ ಹಾಕಿದ ಹಾರಗಳಂತೆ ಬಿದ್ದಿದ್ದವು. ಆ ದಿನದಿಂದ ನನ್ನ ತಲೆ ತಿರುಗಿತು.

ಅದೇ ಕಾಲಕ್ಕೆ ಅಪ್ಪನಿಗೆ ತೋಟದ ಶಾಲೆಗೆ ವರ್ಗವಾಯಿತು. ನಮ್ಮ ಕಡೆ ಜನ ಊರಿಗಿಂತ ಹೆಚ್ಚಾಗಿ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಆ ಮಕ್ಕಳಿಗೆ ಕಬ್ಬಿನ ನಡುವೆಯೇ ಒಂದು ಶಾಲೆ. ಅಲ್ಲಿಗೆ ಬಸ್ಸಿಲ್ಲ, ಟೆಂಪೋ ಇಲ್ಲ. ಅಪ್ಪನ ಮೊಣಕಾಲು ಸೈಕಲ್ ತುಳಿಯುವುದನ್ನು ಬಿಟ್ಟು ವರ್ಷವಾಗಿತ್ತು. ಕೂತು ಏಳುವಾಗ ಬರುವ ಅದರ ಲಟಲಟ ಸದ್ದನ್ನು ಕೂಡ ನಾನು ಮಾಡುತ್ತಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅಂತೂ ಅಪ್ಪ ಮೀರಜಿನ ಕಡೆಯಿಂದ ಒಂದು ಹಳೆಯ ಮೋಟಾರ್ ಸೈಕಲ್ ತಂದರು. ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಜಾತಿ. ಮಹಾರಾಷ್ಟ್ರದ ನಂಬರು. ಅದನ್ನು ಕರ್ನಾಟಕದ ನಂಬರಿಗೆ ಬದಲಾಯಿಸಿಕೊಂಡರೆ ಮಾತ್ರ ನಮ್ಮ ಕಡೆ ನೆಟ್ಟಗೆ ಓಡಿಸಬಹುದು. 'ಜೂನ್‌ನ್ಯಾಗ ಸಾಲಿ ಚಾಲೂ ಆಗೂದ್ರಾಗ ನಂಬರ ಆಗಬೇಕ ನೋಡ' ಎಂದು ಅಪ್ಪ ಹೇಳಿದರು. ಕಾನೂನಿಗೆ ವಿರುದ್ಧವಾಗಿ ಅಪ್ಪ ಪೆನ್ಸಿಲಿನಿಂದಲೂ ಗೆರೆ ಎಳೆದವರಲ್ಲ.

ಆ ಗಾಡಿಯ ಸದ್ದು ಕೇಳಿ ನನಗೆ ಅಳು ಬಂತು. ಹಳೆಯ ಗುಮಾಸ್ತನೊಬ್ಬ ಸಾಹೇಬರ ಕೋಣೆಯ ಹೊರಗೆ ನಿಂತು ಗಂಟಲು ಸರಿಮಾಡಿಕೊಂಡಂತೆ ಅದರ ದನಿ. ಬಾಯಿಂದಲೇ ಫೌಜದಾರರ ಗಾಡಿ ಓಡಿಸುವ ನಾನು ಇಂಥದರ ಮೇಲೆ ಕೂತು ಪೇಟೆಯಲ್ಲಿ ಹೋಗುವುದೇ? ಸೈಲೆನ್ಸರಿನ ತುದಿಯ ಸ್ಕ್ರೂ ಬಿಚ್ಚಿದರೆ ಒಳಗಿನಿಂದ ಮೊಳದುದ್ದದ ಒಂದು ಕೊಳವಿ ಬರುತ್ತದೆ, ಮೈತುಂಬ ತೂತು. ಸದ್ದೂ ಹೊಗೆಯೂ ಆ ತೂತುಗಳಲ್ಲಿ ನುಸುಳಿ ಸುಸ್ತಾಗಿ ಸಭ್ಯರಾಗಿ ಹೊರಬರಲಿ ಎಂದು ಅದನ್ನು ಇಟ್ಟಿರುತ್ತಾರೆ. ಯುಗಾದಿಯ ಮರುದಿನ ಅಪ್ಪ ಮಲಗಿದ್ದಾಗ ನಾನು ಅದನ್ನು ಎಳೆದು ತೆಗೆದು ಜೋಳದ ಚೀಲಗಳ ಹಿಂದೆ ಎಸೆದೆ. ಗಾಡಿ ಹೊಸ ದನಿಯಲ್ಲಿ ಗರ್ಜಿಸಿತು. ಎಮ್ಮೆ ಹಗ್ಗ ಹರಿದುಕೊಂಡಿತು. ಅಪ್ಪ ಎದ್ದು ಬಂದು 'ಏನಾತಲೇ?' ಎಂದರು. 'ಎಂಜಿನ್ ಬಿಗಿ ಬಿಟ್ಟೈತಿ ಅಪ್ಪಾ, ಇನ್ನ ಚಲೋ ಓಡತೈತಿ' ಎಂದೆ. ಅವರು ನಂಬಿದರು. ಮಾಸ್ತರರು ತಮ್ಮ ಶಾಲೆಯ ಮಕ್ಕಳ ಒಂದು ಸುಳ್ಳನ್ನೂ ನಂಬುವುದಿಲ್ಲ, ಮನೆಯ ಮಕ್ಕಳದ್ದನ್ನು ನಂಬುತ್ತಾರೆ.

ನನ್ನ ಸುಖ ನಾಲ್ಕು ದಿನದ್ದು. ಗಾಡಿ ಸದ್ದು ಮಾಡುತ್ತಿತ್ತು, ಎಳೆಯುತ್ತಿರಲಿಲ್ಲ. ಚಿಕ್ಕೋಡಿಯ ಏರಿನಲ್ಲಿ ನಾನು ಇಳಿದು ತಳ್ಳಬೇಕು. ಅದು ಗರ್ಜಿಸುತ್ತಲೇ ನನ್ನಿಂದ ತಳ್ಳಿಸಿಕೊಳ್ಳುತ್ತಿತ್ತು. ಹಿಂದೆ ನೀಲಿ ಹೊಗೆ ಎಷ್ಟು ದಟ್ಟವೆಂದರೆ, ನಾನು ಹೋದ ದಾರಿಯಲ್ಲಿ ಹತ್ತು ನಿಮಿಷದ ಮೇಲೆ ಬಂದವರಿಗೂ ನಾನು ಹೋದದ್ದು ಗೊತ್ತಾಗುತ್ತಿತ್ತು.

ಮೇ ತಿಂಗಳಲ್ಲಿ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಚಿಕ್ಕೋಡಿಗೆ ಕ್ಯಾಂಪು ಬಂದರು. ತಿಂಗಳಿಗೊಮ್ಮೆ ಬಂದು ಪ್ರವಾಸಿ ಮಂದಿರದ ಮುಂದೆ ಗಾಡಿಗಳನ್ನು ಪರೀಕ್ಷಿಸುವುದು ಪದ್ಧತಿ. ನಮ್ಮ ಕಡೆ ಹುಟ್ಟಿದ ಗಂಡುಮಕ್ಕಳಿಗೆಲ್ಲ ಹೆಸರಿನಲ್ಲೇ ಒಂದು ಸಾಹೇಬ ಇರುತ್ತದೆ: ಅಣ್ಣಾಸಾಹೇಬ, ರಾವಸಾಹೇಬ, ಬಾಬಾಸಾಹೇಬ. ನಾನೂ ಬಾಳಾಸಾಹೇಬನೇ, ಮನೆಯಲ್ಲಿ ಬಾಳ್ಯಾ. 'ಸಾಹೇಬ್ರು ಬಂದ್ರು' ಎಂದು ಜವಾನ ಕೂಗಿದಾಗ ಸಾಲಿನಲ್ಲಿದ್ದ ಹದಿನೈದು ಮಂದಿ 'ಬಂದ್ನಿ' ಎಂದು ತಿರುಗಿದೆವು. ನಿಜವಾದ ಸಾಹೇಬರು ಮೈಸೂರು ಕಡೆಯ ಸಣ್ಣ ದನಿಯ ಮನುಷ್ಯ. ತಬ್ಬಿಬ್ಬಾಗಿ ಮೆಟ್ಟಿಲ ಮೇಲೇ ನಿಂತರು.

ನಮ್ಮ ಸರದಿ ಬಂತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಾಗದಗಳನ್ನು ಹಾಜರಿ ಪುಸ್ತಕದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಗಾಡಿ ಹಿಡಿದವನು ನಾನಾದ್ದರಿಂದ ಸಾಹೇಬರು ನನ್ನನ್ನೇ ಕೇಳಿದರು: 'ಪಿಯುಸಿ ಇದೆಯೇನಪ್ಪಾ?'

ಈ ಮನುಷ್ಯನಿಗೆ ಇದೂ ಗೊತ್ತೇ? 'ಎರಡ ಸಲ ಕುಂತೇನ್ರಿ ಸರ್' ಎಂದೆ. 'ಎಲ್ಲಾ ಆಗೈತ್ರಿ. ಇಂಗ್ಲಿಷ್ ಒಂದ ಉಳದೈತಿ. ಅಕ್ಟೋಬರಕ್ಕ ಮತ್ತ ಕಟ್ಟೇನ್ರಿ.'

ಸಾಲಿನಲ್ಲಿದ್ದ ಉಳಿದ ಹದಿನಾಲ್ಕು ಸಾಹೇಬರೂ ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. 'ನಿಮ್ಮದಲ್ಲ ಕಣಪ್ಪಾ, ಗಾಡೀದು. ಹೊಗೆ ತಪಾಸಣೆ ಸರ್ಟಿಫಿಕೇಟು. ಈಗ ಅದು ಬೇಕು' ಎಂದರು. ಆಚೆ ರಾಜ್ಯದಲ್ಲಿ ಹನ್ನೆರಡನೇ ಕ್ಲಾಸಿಗೆ ಬಾರಾವಿ ಎನ್ನುತ್ತಾರೆ. ಅಲ್ಲಿಯ ಹುಡುಗನಾಗಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ. ಓದುವ ಪಿಯುಸಿ, ಊದುವ ಪಿಯುಸಿ ಎರಡಕ್ಕೂ ಒಂದೇ ಹೆಸರಿಟ್ಟು ನಡುವೆ ನನ್ನನ್ನು ಹುಟ್ಟಿಸಿದ್ದು ಯಾರ ಸೇಡೋ.

ಗಾಡಿ ಚಾಲೂ ಮಾಡಲು ಹೇಳಿದರು. ಮಾಡಿದೆ. ಪ್ರವಾಸಿ ಮಂದಿರದ ಮಾಳಿಗೆಯಿಂದ ಪಾರಿವಾಳಗಳು ಎದ್ದವು. ಸಾಹೇಬರು ಸೈಲೆನ್ಸರಿನೊಳಗೆ ಪೆನ್ನು ಹಾಕಿದರು, ಅದು ಕ್ಯಾಪಿನವರೆಗೂ ಹೋಯಿತು. 'ಒಳಗಿನ ಪೈಪು ತೆಗೆದಿದ್ದೀರಿ. ಕಂಪನಿಯವರು ಏನು ಕೊಟ್ಟಿದ್ದರೋ ಅದೇ ಇರಬೇಕು, ಮಾಸ್ತರೇ. ತೆಗೆಯೋ ಹಾಗಿಲ್ಲ, ಸೇರಿಸೋ ಹಾಗಿಲ್ಲ. ಮುಂದಿನ ಕ್ಯಾಂಪಿಗೆ ಸರಿಮಾಡಿ ತನ್ನಿ. ಅದು ತಪ್ಪಿದರೆ ಮಹಾರಾಷ್ಟ್ರದ ಒಪ್ಪಿಗೆ ಪತ್ರದ ಅವಧಿ ಮುಗಿಯುತ್ತೆ. ಮತ್ತೆ ಮೊದಲಿಂದ ಓಡಾಡಬೇಕು.' ಅಪ್ಪ 'ಆಗಲ್ರಿ' ಎಂದರು. ಸರಕಾರಿ ಮನುಷ್ಯನೊಬ್ಬ ಇನ್ನೊಬ್ಬ ಸರಕಾರಿ ಮನುಷ್ಯನಿಂದ ತಪ್ಪಿತಸ್ಥ ಎನ್ನಿಸಿಕೊಂಡು ತಲೆ ತಗ್ಗಿಸಿದ್ದನ್ನು ನಾನು ಮೊದಲ ಸಲ ನೋಡಿದೆ. ಅಣಕಿಸಲು ಬಾರದಂಥ ಒಂದು ಮುಖವೂ ಇದೆ ಎಂದು ಅವತ್ತು ತಿಳಿಯಿತು. ಇಲಿಯ ಮಾತು ಬಂದದ್ದು ವಾಪಸು ಬರುವ ದಾರಿಯಲ್ಲಿ.

ಮನೆಗೆ ಬಂದವನೇ ಜೋಳದ ಚೀಲಗಳ ಹಿಂದೆ ಕೈ ಹಾಕಿದೆ. ಕೊಳವಿ ಇಲ್ಲ. ಚೀಲಗಳನ್ನೆಲ್ಲ ಸರಿಸಿದೆ. ಇಲ್ಲ. ಸೋತು ಕೂತಾಗ ದೇವರ ಮಾಡದ ಕಡೆಯಿಂದ ಮಲ್ಲಿಗೆಯ ವಾಸನೆ ಬಂತು. ನಪಾಸಾದ ಮೇಲೆ ಆ ಕಡೆ ತಲೆ ಹಾಕದ ನಾನು ತಿರುಗಿ ನೋಡಿದರೆ ಹಣಮಪ್ಪನ ಫೋಟೋದ ಮುಂದೆ, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳ್ಳಿಯಂತೆ ಮಾಡಿದ ನಮ್ಮ ಕೊಳವಿ ಅಡ್ಡ ಮಲಗಿತ್ತು. ಒಂದೊಂದು ತೂತಿನಲ್ಲಿ ಒಂದೊಂದು ಊದಿನಕಡ್ಡಿ, ಎಣಿಸಿದರೆ ಇಪ್ಪತ್ತೊಂದು. ಗಾಡಿಯಲ್ಲಿದ್ದಾಗ ಇಷ್ಟು ಚೆನ್ನಾಗಿ ಅದು ಎಂದೂ ಹೊಗೆ ಬಿಟ್ಟಿರಲಿಲ್ಲ.

'ಆಯಿ, ಇದು ಗಾಡೀದು!' ಎಂದೆ.

'ಗಾಡೀದ ಇತ್ತು. ಈಗ ದೇವರದು' ಎಂದಳು ಆಯಿ, ಇಪ್ಪತ್ತೊಂದನೆಯ ಕಡ್ಡಿ ನೆಟ್ಟಗೆ ಮಾಡುತ್ತ. 'ನೀ ಎರಡ್ನೇ ಸಲ ನಪಾಸ ಆದ ದಿನ ಹರಕಿ ಹೊತ್ತೇನಿ. ಈ ಮನ್ಯಾಗ ಪಿಯುಸಿ ಪಾಸ್ ಆಗೂತನಕ ದಿನಾ ಇಪ್ಪತ್ತೊಂದ ಕಡ್ಡಿ. ಅಲ್ಲೀತನಕ ಕೊಳವಿ ದೇವರ ಮುಂದಿಂದ ಹಂದಾಡಂಗಿಲ್ಲ.'

ಓದುಗರು ಒಂದು ನಿಮಿಷ ನನ್ನ ಜಾಗದಲ್ಲಿ ನಿಂತು ನೋಡಬೇಕು. ಕೊಳವಿ ಇಲ್ಲದೆ ಗಾಡಿಗೆ ಪಿಯುಸಿ ಇಲ್ಲ. ಪಿಯುಸಿ ಆಗದೆ ಕೊಳವಿ ಇಲ್ಲ. ನನಗೋ ಅಕ್ಟೋಬರಿನತನಕ ಪರೀಕ್ಷೆಯೇ ಇಲ್ಲ, ಆಮೇಲೂ ಪಾಸಾಗುವ ಲಕ್ಷಣವಿಲ್ಲ. ಜೂನಿನಲ್ಲಿ ಅಪ್ಪ ಆ ಮೊಣಕಾಲು ಹೊತ್ತು ಕಬ್ಬಿನ ದಾರಿಯಲ್ಲಿ ನಡೆಯಬೇಕು. ಇಡೀ ಮನೆ ನನ್ನ ಇಂಗ್ಲಿಷ್ ಗ್ರಾಮರಿನ ಮೇಲೆ ನಿಂತಿತ್ತು. ಅಂಥ ತಳಪಾಯದ ಮೇಲೆ ಹಂದಿಗೂಡನ್ನು ಕೂಡ ಯಾರೂ ಕಟ್ಟುವುದಿಲ್ಲ.

ಹೊಸ ಕೊಳವಿ ಹುಡುಕಲು ಹೊರಟೆ. ನಿಪ್ಪಾಣಿಯಲ್ಲಿ ತಂಬಾಕಿನ ಘಾಟಿಗೆ ಸೀನುತ್ತ ಮೂರು ಅಂಗಡಿ ಕೇಳಿದೆ. 'ಹೀ ಗಾಡಿ ಬಂದ ಝಾಲಿ, ಬಾಳಾ' ಎಂದು ಒಬ್ಬ ಮರಾಠಿಯಲ್ಲಿ ಸಂತಾಪ ಸೂಚಿಸಿದ. ಆ ಮಾದರಿಯ ಗಾಡಿ ಮಾಡುವುದನ್ನೇ ಕಂಪನಿ ನಿಲ್ಲಿಸಿತ್ತಂತೆ. ಅಥಣಿಯಲ್ಲಿ ಸೈಲೆನ್ಸರಿನ ಬದಲು ಚಪ್ಪಲಿ ತೋರಿಸಿದರು. ಚಪ್ಪಲಿಗೇ ಹೆಸರಾದ ಆ ಊರಲ್ಲಿ ಏನು ಕೇಳಿದರೂ ಚಪ್ಪಲಿ ತೋರಿಸುತ್ತಾರೆ. ರಾಯಬಾಗದಲ್ಲಿ ಒಬ್ಬರ ಬಳಿ ಅಂಥದೇ ಗಾಡಿ ಇದೆಯೆಂದು ಕೇಳಿ ಹೋದರೆ, ಅದರ ಮೇಲೆ ಕೋಳಿಗಳು ಮರಿ ಮಾಡಿದ್ದವು, ಕೊಳವಿ ಅಲ್ಲಿಯೂ ಇರಲಿಲ್ಲ. ಬಿಚ್ಚಿದವರು ಯಾರು ಎಂದು ಕೇಳಿದೆ. 'ನಮ್ಮ ಮಗಾ' ಎಂದು ಆ ಹಿರಿಯರು ನಿಟ್ಟುಸಿರು ಬಿಟ್ಟರು. ಜಗತ್ತಿನಲ್ಲಿ ನಾನು ಒಬ್ಬನೇ ಅಲ್ಲ ಎಂಬ ಸಮಾಧಾನ ಕಾಗವಾಡದ ಬಸ್ಸು ಹತ್ತುವತನಕ ಇತ್ತು. ಕಾಗವಾಡದಲ್ಲಿ ಅಂಗಡಿಗೆ ಬೀಗ.

ಕಡೆಗೆ ನಮ್ಮ ದಸ್ತಗೀರ ಮಿಸ್ತ್ರಿಯ ಕಾಲು ಹಿಡಿದೆ. ಚಿಕ್ಕೋಡಿಯಲ್ಲಿ ಟ್ರ್ಯಾಕ್ಟರಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲದರ ಜ್ವರ ನೋಡುವವರು ಅವರು. 'ಬಾಳೂ, ನೀ ನನ್ನ ದನಿ ಅಣಕಸೂದ ಬಿಡ್ತೀನಿ ಅಂದ್ರ ಮಾಡ್ತೇನಿ' ಎಂದರು. ನಾನು ಅವರ ದನಿಯಲ್ಲೇ 'ಖುದಾ ಕಸಮ್ ಬಿಡ್ತೇನಿ' ಎಂದೆ. ತಡೆಯಲಾಗಲಿಲ್ಲ, ಅದೇ ನನ್ನ ರೋಗ. ಅವರು ಬೋಲ್ಟು ಬಿಚ್ಚುವ ಪಾನಾ ಎತ್ತಿದರೂ ಮರುಕ್ಷಣ ನಕ್ಕು, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನ ಹಳೆಯ ನಳಿಗೆಗೆ ತೂತು ಕೊರೆದು ಕೂರಿಸಿಕೊಟ್ಟರು. ಗಾಡಿ ಬೆಕ್ಕಿನಂತೆ ಮೆತ್ತಗಾಯಿತು. ನಾನು ಹಿಗ್ಗಿ ಎರಡು ಮೈಲಿ ಹೋದೆ. ಮೂರನೆಯ ಮೈಲಿಯಲ್ಲಿ ಢಬ್ ಎಂದಿತು. ನಳಿಗೆ ಬಾಣದಂತೆ ಹಿಂದಕ್ಕೆ ಹಾರಿ ಯಾರದೋ ಕಬ್ಬಿನಲ್ಲಿ ಮಾಯವಾಯಿತು. ಎತ್ತಿನ ಗಾಡಿಯಲ್ಲಿ ಬರುತ್ತಿದ್ದವನೊಬ್ಬ ನಿಧಾನವಾಗಿ ಬಗ್ಗಿ, 'ತಮ್ಮಾ, ಗುಂಡ ಹಾರಸೂದಿದ್ರ ಮೊದಲ ಹೇಳಬೇಕಪಾ' ಎಂದ.

'ಅಸಲೀ ಮಾಲ್ ತಾ. ಸಾಹೇಬನೂ ಅದನ್ನ ಕೇಳ್ಯಾನ' ಎಂದರು ಮಿಸ್ತ್ರಿ. ಕ್ಯಾಂಪಿಗೆ ಎರಡೇ ದಿನ ಉಳಿದಿತ್ತು.

ಆ ಎರಡು ದಿನದಲ್ಲಿ ಆಯಿಯ ಮುಂದೆ ನಾನು ಹಾಕದ ವೇಷವಿಲ್ಲ. ಗುಡಿಯ ಪೂಜಾರಿಯ ದನಿಯಲ್ಲಿ ಬಾಗಿಲ ಹಿಂದಿನಿಂದ 'ಕಬ್ಬಿಣ ದೇವರಿಗಿ ಬರೂದಿಲ್ಲ' ಎಂದು ಹೇಳಿನೋಡಿದೆ. 'ಪೂಜಾರಿ ಊರಿಗಿ ಹೋಗ್ಯಾನ, ಬಾಳ್ಯಾ' ಎಂದು ಉತ್ತರ ಬಂತು. ಸಾಕ್ಷಾತ್ ಹಣಮಪ್ಪನ ದನಿಯಲ್ಲಿ ಹೇಳುವ ವಿಚಾರವೂ ಬಂತು. ಆದರೆ ಅವನ ದನಿ ಕೇಳಿದವರಿಲ್ಲದ್ದರಿಂದ ಅಣಕಿಸುವುದು ಹೇಗೆಂದು ತಿಳಿಯದೆ ಬಿಟ್ಟೆ. ಅಪ್ಪ ಅಟ್ಟದಿಂದ ಹಳೆಯ ಸೈಕಲ್ ಇಳಿಸಿ, ಚೈನಿಗೆ ಎಣ್ಣೆ ಬಿಟ್ಟು, ಒಂದು ಕೈಯಿಂದ ಮೊಣಕಾಲು ಹಿಡಿದುಕೊಂಡು ಅಂಗಳದಲ್ಲಿ ಒಂದು ಸುತ್ತು ತುಳಿದು ನೋಡಿದರು. ಎರಡನೆಯ ಸುತ್ತಿಗೆ ಇಳಿದುಬಿಟ್ಟರು.

ಅದನ್ನು ನೋಡಿದ ಮೇಲೆ ನನ್ನ ಗಂಟಲಿನ ಬಾಡಿಗೆದಾರರೆಲ್ಲ ಸುಮ್ಮನಾದರು. ಆಯಿಯ ಮುಂದೆ ಹೋಗಿ ಕೂತೆ. ಜೀವನದಲ್ಲಿ ಮೊದಲ ಸಲ ಒಂದೂ ಸುಳ್ಳು ಮಾತು ಹೇಳಬಾರದು, ಪೂರ್ತಿ ನಿಜವನ್ನೂ ಹೇಳಬಾರದು ಎಂದು ನಿಶ್ಚಯಿಸಿದ್ದೆ.

'ಆಯಿ, ನಾಳಿ ಚಿಕ್ಕೋಡ್ಯಾಗ ಪಿಯುಸಿ ಪರೀಕ್ಷಾ ಐತಿ.'

'ಅಕ್ಟೋಬರಕ್ಕಂತ ಹೇಳಿದ್ಯಲ್ಲ?'

'ಇದ ಬ್ಯಾರೆ. ಬೆಳಗಾಂವಿಯಿಂದ ಮಶೀನ ತರ್ತಾರ. ಹೊಗಿ ಅಳೀತಾರ. ಈ ಕೊಳವಿ ಇದ್ರ ಪಾಸು, ಇಲ್ದಿದ್ರ ನಪಾಸು.'

ಆಯಿ ನನ್ನ ಮುಖ ನೋಡಿದಳು. 'ಹೊಗಿ ಅಳೀತಾರ?'

'ಹೂಂ.'

'ಇಂಗ್ಲಿಷ್ ಕೇಳೂದಿಲ್ಲ?'

'ಇಲ್ಲ.'

'ಹಂಗಾದ್ರ ಪಾಸ ಆದೀತು ತಗೋ' ಎಂದಳು. ಕೊಳವಿಗೆ ಅರಿಸಿನ ಕುಂಕುಮ ಹಚ್ಚಿ, ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟಳು. ಮುದುಕಿಗೆ ಎಷ್ಟು ಚೆನ್ನಾಗಿ ಟೋಪಿ ಹಾಕಿದೆ ಎಂದು ನನಗೆ ನನ್ನ ಮೇಲೇ ಭಕ್ತಿ ಬಂತು. ಆ ಭಕ್ತಿಯ ಅವಸರದಲ್ಲಿ, ತೂತುಗಳಲ್ಲಿ ಮುರಿದು ಉಳಿದ ಊದಿನಕಡ್ಡಿಯ ತುಂಡುಗಳನ್ನು ತೆಗೆಯದೆಯೇ ಅದನ್ನು ಸೈಲೆನ್ಸರಿನೊಳಗೆ ತುರುಕಿ ಸ್ಕ್ರೂ ಬಿಗಿದೆ.

ಮರುದಿನ ಪ್ರವಾಸಿ ಮಂದಿರದ ಮುಂದೆ ಒಂದು ವ್ಯಾನು, ಅದರೊಳಗೆ ಹೊಗೆ ಅಳೆಯುವ ಯಂತ್ರ. ದಸ್ತಗೀರ ಮಿಸ್ತ್ರಿ ಬೆಳಿಗ್ಗೆಯೇ ಕಾರ್ಬುರೇಟರ್ ಸರಿಮಾಡಿ, ಪೆಟ್ರೋಲಿಗೆ ಎಣ್ಣೆ ಅಳತೆಯಷ್ಟೇ ಹಾಕಿದ್ದರು. ಗಾಡಿ ಚಾಲೂ ಆಯಿತು. ಅದೇ ಹಳೆಯ ಗುಮಾಸ್ತನ ದನಿ. ನನ್ನ ಕಿವಿಗೆ ಅಷ್ಟು ಇಂಪಾದ ಸದ್ದು ಅದಕ್ಕೂ ಮೊದಲು ಬಿದ್ದಿರಲಿಲ್ಲ. ವ್ಯಾನಿನವನು ಸೈಲೆನ್ಸರಿನ ಬಾಯಿಗೆ ನಳಿಕೆ ಇಟ್ಟ. ಇನ್ಸ್‌ಪೆಕ್ಟರು ಬಗ್ಗಿದರು. ಮೂಗು ಏರಿಸಿದರು. ಮತ್ತೆ ಬಗ್ಗಿದರು.

'ಇದೇನ್ರೀ ಮಾಸ್ತರೇ, ದೇವಸ್ಥಾನದ ವಾಸನೆ?'

ಕಾದ ಸೈಲೆನ್ಸರಿನಿಂದ ಮಲ್ಲಿಗೆಯ ಘಮ ಹೊರಟು ಇಡೀ ಕ್ಯಾಂಪಿಗೆ ಹರಡಿತ್ತು. ಸಾಲಿನಲ್ಲಿದ್ದ ಒಬ್ಬ ಮುದುಕ ತಲೆಯ ಮೇಲಿನ ಟೋಪಿ ತೆಗೆದು ಕೈ ಮುಗಿದ. ಆಯಿ ದೇವರ ಮುಂದಿಟ್ಟಿದ್ದದ್ದೇ ಗಾಡಿಯ ಕೊಳವಿ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದ ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಯಿ ಮುಚ್ಚಿದೆ. ಆಮೇಲೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ: ಬಿಚ್ಚಿದ್ದು, ಬಿಸಾಕಿದ್ದು, ಹರಕೆ, ಇಪ್ಪತ್ತೊಂದು ಕಡ್ಡಿ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. 'ಕಂಪನಿಯವರ ಪೈಪೇ ತಾನೆ?' ಎಂದರು. 'ಹೌದ್ರಿ.' ಯಂತ್ರದ ಮುಳ್ಳು ನೋಡಿದರು. 'ಹೊಗೆ ಅಳತೆಯೊಳಗಿದೆ. ವಾಸನೆಗೆ ಕಾನೂನಿನಲ್ಲಿ ಏನೂ ಹೇಳಿಲ್ಲ' ಎಂದು ಸಹಿ ಹಾಕಿದರು. ಅಪ್ಪ ವಾಪಸು ಬರುವಾಗ ಹಿಂದೆ ಕೂತು ಒಂದೇ ಮಾತು ಆಡಿದರು: 'ಸಾವಕಾಶ ಹೊಡಿ.' ಅದು ಕ್ಷಮೆಯೋ, ತಗ್ಗಿನ ಎಚ್ಚರಿಕೆಯೋ ಇವತ್ತಿಗೂ ಗೊತ್ತಿಲ್ಲ.

ಅಂಗಳದಲ್ಲಿ ಆಯಿ ಕಾದಿದ್ದಳು. 'ಪಾಸ?' ಎಂದಳು. 'ಪಾಸ' ಎಂದು ಸರ್ಟಿಫಿಕೇಟು ತೋರಿಸಿದೆ. ಅಷ್ಟೇ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಓಣಿಯ ತುಂಬ ಸಕ್ಕರೆ ಹಂಚಿ ಆಗಿತ್ತು. 'ಮನ್ಯಾಗ ಪಿಯುಸಿ ಪಾಸಾತು' ಎಂದು ಆಯಿ ಹೇಳಿದ್ದಳು, ಕೇಳಿದವರು ಹೆಸರು ತಾವೇ ಸೇರಿಸಿಕೊಂಡಿದ್ದರು. ಅಂಗಡಿಯವರು ಅರ್ಧ ಮರಾಠಿಯಲ್ಲಿ ಶಾಬಾಶ್ ಎಂದರು. ಕಂಡಕ್ಟರು ಮೂಗಿನಲ್ಲೇ 'ಮುಂದ ಯಾವ ಕಾಲೇಜ?' ಎಂದು ಕೇಳಿದರು. ನನ್ನ ಗಂಟಲಲ್ಲಿ ಅಷ್ಟು ದಿನ ಬಾಡಿಗೆಗಿದ್ದವರೆಲ್ಲ ಸಾಲಾಗಿ ಬಂದು ಬೆನ್ನು ತಟ್ಟುತ್ತಿದ್ದರು, ನಾನು ಒಬ್ಬೊಬ್ಬರ ಮುಂದೆಯೂ ಕುಗ್ಗುತ್ತಿದ್ದೆ. ಅಕ್ಟೋಬರಿನಲ್ಲಿ ಮತ್ತೆ ಇಂಗ್ಲಿಷಿಗೆ ಕೂರುವಾಗ ಈ ಊರಿಗೆ ಏನು ಹೇಳಲಿ? ಎರಡು ಸಲ ನಪಾಸಾದಾಗಲೂ ಇಷ್ಟು ಅವಮಾನವಾಗಿರಲಿಲ್ಲ.

ಸಂಜೆ ತಡೆಯಲಾಗದೆ ಆಯಿಯ ಹತ್ತಿರ ಹೋದೆ. ಹಣಮಪ್ಪನ ಫೋಟೋದ ಮುಂದಿನ ಜಾಗ ಖಾಲಿಯಾಗಿತ್ತು, ಕುಂಕುಮದ ಗುರುತು ಮಾತ್ರ ಇತ್ತು. 'ಆಯಿ, ನಿನಗ ಹೆಂಗ ಹೇಳಲಿ? ಪಾಸಾಗಿದ್ದು ನಾ ಅಲ್ಲ, ಗಾಡಿ' ಎಂದೆ, ಯಾರ ದನಿಯೂ ಅಲ್ಲದ ನನ್ನ ಸ್ವಂತ ದನಿಯಲ್ಲಿ.

ಆಯಿ ಬತ್ತಿ ಹೊಸೆಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

'ಗೊತ್ತೈತಿ ತಗೋಲೇ. ಅದರ ಬಾಯಾಗ ಕೊಳವಿ ಬಿತ್ತು, ಪಾಸಾತು. ನಿನ್ನ ಬಾಯಿ ಇನ್ನೂ ಕೊಳವಿ ಇಲ್ದ ತಿರಗಾಕತ್ತೈತಿ.'